ಹತ್ತರಲ್ಲಿ ಎಷ್ಟು, ಕಾಕಾ?

ಆಪರೇಷನ್ ಆದ ಮರುದಿನ ಬೆಳಗಿನ ಐದು ಗಂಟೆಗೆ ನರ್ಸ್ ಹುಡುಗಿ ಕೇಳಿದ ಮೊದಲ ಪ್ರಶ್ನೆ ಇದು. ಹೇಗಿದ್ದೀರಿ ಎಂದಲ್ಲ, ನಿದ್ದೆ ಬಂತೇ ಎಂದಲ್ಲ. ನೋವೇ ಇಲ್ಲದಿದ್ದರೆ ಸೊನ್ನೆ, ಇದಕ್ಕಿಂತ ದೊಡ್ಡ ನೋವನ್ನು ಊಹಿಸುವುದಕ್ಕೂ ಆಗದಿದ್ದರೆ ಹತ್ತು. ಮೂವತ್ತನಾಲ್ಕು ವರ್ಷ ಸಹಕಾರಿ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕುಳಿತು ಬಂದವನಿಗೆ ಯಾರಾದರೂ ಸಂಖ್ಯೆ ಕೇಳಿದರೆ ಸುಮ್ಮನಿರಲು ಆಗುವುದಿಲ್ಲ. ಸ್ವಲ್ಪ ಯೋಚಿಸಿ "ಏಳೂವರೆ" ಎಂದೆ. "ಅರ್ಧ ಬರೆಯುವುದಕ್ಕೆ ಇಲ್ಲಿ ಜಾಗವಿಲ್ಲ ಕಾಕಾ" ಎಂದು ಅವಳು ಏಳು ಬರೆದುಕೊಂಡು ಹೋದಳು. ಆ ಅರ್ಧ ನನ್ನ ಖಾತೆಯಲ್ಲೇ ಉಳಿಯಿತು.

ಶಿರಸಿಯಲ್ಲಿ ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ನನ್ನ ಪಿತ್ತಕೋಶದ ಕಲ್ಲು ಎದ್ದು ಕುಳಿತಿತ್ತು. ಎರಡು ವರ್ಷದಿಂದ ಕಷಾಯ, ಪಥ್ಯ ಎಂದು ತಳ್ಳಿಕೊಂಡು ಬಂದದ್ದಕ್ಕೆ ಒಂದು ರಾತ್ರಿ ಬಡ್ಡಿಸಮೇತ ವಸೂಲಿಯಾಯಿತು. ಮುಂಡಗೋಡದ ದಾರಿಯಲ್ಲಿ ಸುಮಾರು ನೂರು ಕಿಲೋಮೀಟರ್ ಹೋಗಿ ಹುಬ್ಬಳ್ಳಿ ಸೇರಿದೆವು. ನಾಲ್ಕು ತೂತು, ಎರಡು ದಿನ, ಮನೆಗೆ ಎಂದಿದ್ದರು. ಒಳಗೆ ನೋಡಿದರೆ ಪಿತ್ತಕೋಶ ಊದಿ ಅಕ್ಕಪಕ್ಕಕ್ಕೆಲ್ಲ ಅಂಟಿಕೊಂಡಿತ್ತಂತೆ. ಲ್ಯಾಪರೋಸ್ಕೋಪಿ ಬಿಟ್ಟು ಹೊಟ್ಟೆಯನ್ನೇ ತೆರೆಯಬೇಕಾಯಿತು. ಎಚ್ಚರವಾದಾಗ ಬಲಗಡೆ ಪಕ್ಕೆಲುಬಿನ ಕೆಳಗೆ ಓರೆಯಾಗಿ ಒಂದು ಗೇಣು ಉದ್ದದ ಹೊಲಿಗೆ ಇತ್ತು.

ಆ ಜಾಗದ ಹೊಲಿಗೆಯ ತೊಂದರೆ ಏನೆಂದರೆ, ಅದು ಉಸಿರಿನ ದಾರಿಯಲ್ಲೇ ಕೂತಿರುತ್ತದೆ. ಕಾಲಿಗೆ ಗಾಯವಾದರೆ ಕಾಲನ್ನು ಅಲ್ಲಾಡಿಸದೆ ಇಡಬಹುದು. ಉಸಿರಾಡದೆ ಇರುವುದು ಹೇಗೆ? ನೋವಿಗೆ ಹೆದರಿ ಮೇಲುಸಿರಲ್ಲೇ ಕಾಲ ಕಳೆದರೆ ಶ್ವಾಸಕೋಶದ ತಳದಲ್ಲಿ ಗಾಳಿ ಆಡುವುದಿಲ್ಲ, ಕಫ ಕಟ್ಟುತ್ತದೆ, ನ್ಯುಮೋನಿಯಾ ಆಗುತ್ತದೆ ಎಂದು ಹೆದರಿಸಿ ಕೈಗೆ ಒಂದು ಪ್ಲಾಸ್ಟಿಕ್ ಆಟಿಕೆ ಕೊಟ್ಟರು. ಮೂರು ಕೊಳವೆ, ಮೂರು ಚೆಂಡು. ಮೇಲೆ 600, 900, 1200 ಎಂದು ಬರೆದಿರುತ್ತದೆ. ನಳಿಗೆಯಿಂದ ಉಸಿರು ಎಳೆದು ಚೆಂಡುಗಳನ್ನು ಏರಿಸಬೇಕು. ಮೊದಲ ದಿನ ನನ್ನ ಮೊದಲ ಚೆಂಡು ಕದಲಿ, ಒಂದು ಬೆರಳಿನಷ್ಟು ಎದ್ದು, ನಾಚಿಕೊಂಡಂತೆ ಕೆಳಗೆ ಕೂತಿತು.

ಹೆಂಡತಿಯ ಚೀಲದಲ್ಲಿ ಹಾಲಿನ ಲೆಕ್ಕ ಬರೆಯುವ ಚಿಕ್ಕ ನೋಟ್‌ಬುಕ್ ಇತ್ತು. ಅದನ್ನು ಇಸಿದುಕೊಂಡು ಹಿಂದಿನ ಪುಟದಿಂದ ಗೀಟು ಹಾಕಿದೆ. ವೇಳೆ, ನೋವು, ಔಷಧ, ಕಿವಿಯಲ್ಲಿ ಏನಿತ್ತು, ಇಪ್ಪತ್ತು ನಿಮಿಷದ ಮೇಲೆ ನೋವು: ಐದು ಕಲಂ. ಸಂಗೀತದಿಂದ ನೋವು ಶಮನವಾಗುತ್ತದೆ ಎಂಬ ಮಾತು ನನ್ನದಲ್ಲ, ನಾದಿನಿಯದು. ಅವಳು ಬೆಂಗಳೂರಿನಲ್ಲಿ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತಾಳೆ. ಆಪರೇಷನ್ನಿನ ಹಿಂದಿನ ರಾತ್ರಿಯೇ ಫೋನ್ ಮಾಡಿ, ಮುತ್ತುಸ್ವಾಮಿ ದೀಕ್ಷಿತರ ಶಿಷ್ಯ ತಂಬಿಯಪ್ಪನ ಹೊಟ್ಟೆನೋವಿನ ಕಥೆ ಹೇಳಿದ್ದಳು. ಶಿಷ್ಯನ ಜಾತಕದಲ್ಲಿ ಗುರು ಸರಿಯಿಲ್ಲದ್ದನ್ನು ಕಂಡು ದೀಕ್ಷಿತರು ಅಠಾಣ ರಾಗದಲ್ಲಿ ಬೃಹಸ್ಪತಿಯ ಮೇಲೆ ಕೃತಿ ರಚಿಸಿ ಹಾಡಿಸಿದರಂತೆ, ಹೊಟ್ಟೆನೋವು ಹೋಯಿತಂತೆ. ನವಗ್ರಹ ಕೃತಿಗಳು ಹುಟ್ಟಿದ್ದು ಹಾಗೆಂದು ಸಂಪ್ರದಾಯದವರು ಹೇಳುತ್ತಾರೆ. "ಬಾವ, ನಿಮಗೂ ಹೊಟ್ಟೆಯೇ ಅಲ್ಲವೇ" ಎಂದಳು. ತಂಬಿಯಪ್ಪನ ಹೊಟ್ಟೆಯನ್ನು ಯಾರೂ ಕೊಯ್ದಿರಲಿಲ್ಲ ಎಂದು ನಾನು ಹೇಳಬೇಕೆಂದುಕೊಂಡು ಸುಮ್ಮನಾದೆ.

ಅಠಾಣ ಹಾಕಿದ ಸಾಲಿನಲ್ಲಿ ನನ್ನ ಬರಹ ಹೀಗಿದೆ: ಬೆಳಗ್ಗೆ 7.10, ಆರು, ಇಪ್ಪತ್ತು ನಿಮಿಷದ ಮೇಲೆ ಆರು. ರಾಗದ ತಪ್ಪಿಲ್ಲ. ಅಠಾಣ ಎದೆಯುಬ್ಬಿಸಿ ನಿಲ್ಲುವ ರಾಗ. ನನಗೆ ಎದೆಯನ್ನು ಉಬ್ಬಿಸುವುದೇ ಆಗುತ್ತಿರಲಿಲ್ಲ.

ಮಧ್ಯಾಹ್ನ ಹೆಂಡತಿ ಮೊಬೈಲಿನಲ್ಲಿ ಹುಡುಕಿ "ರೋಗಿಗಳಿಗೆ ನೆಮ್ಮದಿಯ ಸಂಗೀತ" ಎಂಬುದೊಂದನ್ನು ಹಾಕಿದಳು. ಕೊಳಲು, ಹಿಂದೆ ಹೊಳೆ ಹರಿಯುವ ಜುಳುಜುಳು. ಅದೇ ದಿನ ಬೆಳಗ್ಗೆ ನನ್ನ ಮೂತ್ರದ ನಳಿಗೆ ತೆಗೆದಿದ್ದರು. ತೆಗೆದ ಮೇಲೆ ಮೂತ್ರ ಸುಲಭದಲ್ಲಿ ಬರುವುದಿಲ್ಲ. ಆಯಾ ಬಚ್ಚಲ ಮನೆಯ ನಲ್ಲಿ ತೆರೆದಿಟ್ಟು ನೀರಿನ ಸದ್ದು ಕೇಳಿಸುತ್ತಿದ್ದರು, ಅದು ಆಸ್ಪತ್ರೆಗಳ ಹಳೆಯ ಉಪಾಯ. ನಲ್ಲಿಯಿಂದ ಆಗದ ಕೆಲಸವನ್ನು ನೆಮ್ಮದಿಯ ಸಂಗೀತ ಐದೇ ನಿಮಿಷದಲ್ಲಿ ಮಾಡಿತು. ಎದ್ದು ಕೂರುವ ಗಡಿಬಿಡಿಯಲ್ಲಿ ಹೊಲಿಗೆ ಜಗ್ಗಿ ನೋವು ಐದರಿಂದ ಎಂಟಕ್ಕೆ ಏರಿತು. ಜಮೆಯನ್ನೂ ಖರ್ಚನ್ನೂ ಒಂದೇ ಸಾಲಿನಲ್ಲಿ ಬರೆದೆ.

ಗಂಗೂಬಾಯಿ ಹಾನಗಲ್ ನನ್ನ ಕಿವಿಗೆ ಬಂದದ್ದು ವಾರ್ಡಿನ ಹುಡುಗನಿಂದ. ಧಾರವಾಡದವನು, ಅಜ್ಜ ಹಾರ್ಮೋನಿಯಂ ನುಡಿಸುತ್ತಿದ್ದರಂತೆ. ರಾತ್ರಿ ಪಾಳಿಯಲ್ಲಿ ನನ್ನ ಬೆನ್ನ ಹಿಂದಿನ ದಿಂಬು ಸರಿಪಡಿಸುತ್ತ, "ಹುಬ್ಬಳ್ಳಿಯಲ್ಲಿ ಮಲಗಿಕೊಂಡು ಬೇರೆ ಯಾರನ್ನೋ ಕೇಳುತ್ತೀರಲ್ಲ ಕಾಕಾ" ಎಂದು ತನ್ನ ಮೊಬೈಲಿನಿಂದ ನನ್ನದಕ್ಕೆ ಅವರು ಹಾಡಿದ ಒಂದು ಅಭೋಗಿ ರಾಗ ಕಳಿಸಿದ. ಗಂಗೂಬಾಯಿಯವರ ಮನೆ ಇದ್ದದ್ದು ಇದೇ ಊರಿನ ದೇಶಪಾಂಡೆ ನಗರದಲ್ಲಿ. ಅವರ ದನಿ ಮೊದಲು ತೆಳ್ಳಗಿತ್ತು, ಟಾನ್ಸಿಲ್ಸ್ ಆಪರೇಷನ್ ಆದ ಮೇಲೆ ಗಂಡುದನಿಯಂತೆ ಭಾರವಾಯಿತು ಎಂಬುದನ್ನು ಈ ಕಡೆಯವರು ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಹಾಡು ಮುಗಿಯುತ್ತಿತ್ತು. ಕೊಯ್ದ ಗಂಟಲಿನಿಂದ ಬಂದ ದನಿಯನ್ನು ಕೊಯ್ದ ಹೊಟ್ಟೆಯವನೊಬ್ಬ ಕೇಳುತ್ತಿದ್ದಾನೆ ಎಂದು ಆ ರಾತ್ರಿ ಅನಿಸಿತು. ಔಷಧದ ಅಮಲೂ ಇದ್ದಿರಬೇಕು.

ನಾನು ಸಂಗೀತ ಬಲ್ಲವನಲ್ಲ. ನನ್ನದೇನಿದ್ದರೂ ಯಕ್ಷಗಾನದ ಕಿವಿ. ಹಿಂದೂಸ್ತಾನಿ ವಿಲಂಬಿತ ಎಂದರೆ, ಬಸ್ಸಿಗೆ ಕಾಯುವಾಗ ಕೇಳಬೇಕಾದದ್ದು ಎಂಬ ಅಭಿಪ್ರಾಯದವನು. ಆಸ್ಪತ್ರೆಯ ರಾತ್ರಿಯಲ್ಲಿ ಆ ನಿಧಾನವೇ ಕೆಲಸಕ್ಕೆ ಬಂತು. ತಬಲಾದ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಎಷ್ಟೊಂದು ಜಾಗ! ತಲೆಯ ಮೇಲೆ ಡ್ರಿಪ್ಪಿನ ಬಾಟಲಿಯಿಂದ ಹನಿ ಬೀಳುತ್ತಿತ್ತು. ಹನಿ ಕೊಳವೆಯ ಬಾಯಲ್ಲಿ ಮೊದಲು ಚಪ್ಪಟೆಯಾಗಿ ಕಾಣಿಸುತ್ತದೆ, ಆಮೇಲೆ ಹೊಟ್ಟೆ ಬರುತ್ತದೆ, ಕುತ್ತಿಗೆ ಸಣ್ಣದಾಗುತ್ತದೆ, ಕಳಚಿಕೊಳ್ಳುವ ಮುಂಚೆ ಒಮ್ಮೆ ನಡುಗುತ್ತದೆ. ಎರಡು ಪೆಟ್ಟುಗಳ ನಡುವೆ ಎಷ್ಟು ಹನಿ ಬೀಳುತ್ತದೆ ಎಂದು ಎಣಿಸಲು ಹೊರಟೆ. ಒಮ್ಮೆ ಮೂರು, ಒಮ್ಮೆ ನಾಲ್ಕು. ತಾಳವೂ ಹನಿಯೂ ತಾಳೆಯಾಗಲಿಲ್ಲ. ಸಂಜೆ ಕ್ಯಾಷ್ ತಾಳೆಯಾಗದೆ ಎದ್ದು ಮನೆಗೆ ಹೋದವನಲ್ಲ ನಾನು. ಮತ್ತೆ ಮತ್ತೆ ಎಣಿಸಿದೆ. ಇನ್ನೊಂದನ್ನೂ ಗಮನಿಸಿದೆ. ಗಂಗೂಬಾಯಿ ದೀರ್ಘವಾಗಿ ಸ್ವರ ಹಿಡಿಯುವ ಮುಂಚೆ ತುಸು ನಿಲ್ಲುತ್ತಾರಲ್ಲ, ಆಗ ಅವರು ಉಸಿರು ಎಳೆದುಕೊಳ್ಳುತ್ತಾರೆ, ಕೇಳುವವನೂ ತನಗೆ ಗೊತ್ತಿಲ್ಲದೆ ಎಳೆದುಕೊಳ್ಳುತ್ತಾನೆ. ಅವರು ಬಿಟ್ಟಾಗ ನಾನೂ ಬಿಟ್ಟೆ. ರಾತ್ರಿ 1.40, ಏಳು, ಇಪ್ಪತ್ತು ನಿಮಿಷದ ಮೇಲೆ ಎಂದು ಬರೆಯಬೇಕಾದ ಮನೆ ಖಾಲಿ ಇದೆ. ನಿದ್ದೆ ಹೋಗಿದ್ದೆ.

ಬೆಳಗ್ಗೆ ಮತ್ತೆ ಅದನ್ನೇ ಹಾಕಿಕೊಂಡದ್ದು ಹುಡುಗನಿಗೆ ಹಿಡಿಸಲಿಲ್ಲ. ಅಭೋಗಿ ರಾತ್ರಿಯ ರಾಗ, ಬೆಳಗ್ಗೆ ಕೇಳಬಾರದು ಎಂದು ಗದರಿದ. ಆಸ್ಪತ್ರೆಯಲ್ಲಿ ಹಗಲು ರಾತ್ರಿ ಟ್ಯೂಬ್‌ಲೈಟ್ ಉರಿಯುತ್ತಿರುವಾಗ ರಾಗಕ್ಕೆ ಹೇಗಪ್ಪ ಗೊತ್ತಾಗಬೇಕು ಎಂದೆ. ಅಭೋಗಿ ದಕ್ಷಿಣದಿಂದ ಹಿಂದೂಸ್ತಾನಿಗೆ ಹೋದ ರಾಗ ಎಂದು ಮಾತ್ರ ಹೇಳಿ, ಟ್ರಾಲಿ ತಳ್ಳಿಕೊಂಡು ಹೋದ.

ಅಕ್ಕನ ಮಗ ಮಂಗಳೂರಿನಲ್ಲಿ ಅರಿವಳಿಕೆ ವೈದ್ಯ. ಮೂರನೆಯ ದಿನ ಅವನಿಗೆ ನನ್ನ ಐದು ಕಲಮುಗಳನ್ನು ಫೋನಿನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿದ, ಅದು ಅವನ ದೊಡ್ಡ ಗುಣ. ಆಮೇಲೆ, "ಮಾವ, ಈ ಸಾಲಿನಲ್ಲಿ ಹಾಡು ಹಾಕುವುದಕ್ಕೆ ಹದಿನೈದು ನಿಮಿಷ ಮುಂಚೆ ಪ್ಯಾರಾಸಿಟಮಾಲ್ ಬಾಟಲಿ ಹಾಕಿದ್ದಾರಲ್ಲ. ನೋವು ಇಳಿದದ್ದು ಯಾವುದರಿಂದ?" ಎಂದ. ಒಂದೇ ಖಾತೆಗೆ ಒಂದೇ ಹೊತ್ತಿನಲ್ಲಿ ಎರಡು ಜಮೆ ಬಂದಿದೆ, ಚಲನ್ ಒಂದೇ. ನನಗೆ ಉತ್ತರ ಬರಲಿಲ್ಲ. ಅದನ್ನು ಬಿಡಿಸುವುದಕ್ಕೇ ದೊಡ್ಡ ಪ್ರಯೋಗಗಳು ಬೇಕು ಎಂದು ಅವನು ವಿವರಿಸಿದ. 2015ರಲ್ಲಿ ಬ್ರಿಟನ್ನಿನ ಸಂಶೋಧಕರು 73 ಪ್ರಯೋಗಗಳನ್ನು, ಸುಮಾರು ಏಳು ಸಾವಿರ ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರಂತೆ. ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಸಂಗೀತ ಕೇಳಿದವರಿಗೆ ನೋವು ಕಡಿಮೆ, ಆತಂಕ ಕಡಿಮೆ, ಅವರು ಕೇಳಿ ಪಡೆದ ನೋವು ನಿವಾರಕವೂ ಕಡಿಮೆ. ಮುಂಚೆ ಕೇಳಲಿ, ನಡುವೆ ಕೇಳಲಿ, ಆಮೇಲೆ ಕೇಳಲಿ, ಪ್ರಯೋಜನ ಇತ್ತು. ಪೂರ್ತಿ ಅರಿವಳಿಕೆಯಲ್ಲಿ ಮಲಗಿದ್ದವರಿಗೆ ಕೇಳಿಸಿದಾಗಲೂ ಸ್ವಲ್ಪ ಗುಣ ಕಂಡಿತು ಎಂಬುದು ನನಗೆ ಸೋಜಿಗ ತಂದ ಮಾತು. ಯಾವ ಬಗೆಯ ಸಂಗೀತ ಎಂಬುದರಿಂದ ಹೆಚ್ಚಿನ ವ್ಯತ್ಯಾಸ ಆಗಲಿಲ್ಲ. ಇದನ್ನು ನಾದಿನಿಗೆ ಇನ್ನೂ ಹೇಳಿಲ್ಲ. ಆಸ್ಪತ್ರೆಯಲ್ಲಿ ಇರಬೇಕಾದ ದಿನಗಳು ಮಾತ್ರ ಕಡಿಮೆಯಾಗಲಿಲ್ಲ ಎಂದಾಗ ಹೆಂಡತಿಯ ಮುಖ ಬಾಡಿತು. ಬಿಲ್ಲು ಕಟ್ಟುವವಳು ಅವಳೇ.

ಹೇಗೆ ಆಗುತ್ತದೆ ಎಂದು ಕೇಳಿದ್ದಕ್ಕೆ, ಬೆನ್ನುಹುರಿಯಲ್ಲಿ ಒಂದು ಬಾಗಿಲು ಇದೆ ಎಂದುಕೊಳ್ಳಿ ಎಂದ. ಮೆಲ್ಜ್ಯಾಕ್ ಮತ್ತು ವಾಲ್ ಎಂಬ ಇಬ್ಬರು 1965ರಲ್ಲಿ ಮುಂದಿಟ್ಟ ವಿಚಾರ ಅದು. ಗಾಯದಿಂದ ಹೊರಟ ಸುದ್ದಿ ನೇರವಾಗಿ ಮೆದುಳಿಗೆ ಹೋಗಿ ಮುಟ್ಟುವುದಿಲ್ಲ, ಬೆನ್ನುಹುರಿಯ ಬಾಗಿಲಲ್ಲಿ ತಡೆದು ನಿಲ್ಲುತ್ತದೆ. ಎಷ್ಟು ಬಿಡಬೇಕು ಎಂಬುದರಲ್ಲಿ ಮೇಲಿನಿಂದ ಇಳಿಯುವ ಅಪ್ಪಣೆಗೂ ಪಾಲಿದೆ. ಭಯ ಬಾಗಿಲನ್ನು ಅಗಲಿಸುತ್ತದೆ, ಗಮನ ಬೇರೆ ಕಡೆ ಇದ್ದರೆ ಬಾಗಿಲು ಓರೆಯಾಗುತ್ತದೆ. ಆ ವಿಚಾರಕ್ಕೆ ಆಮೇಲೆ ಎಷ್ಟೋ ತಿದ್ದುಪಡಿ ಬಂದಿವೆಯಂತೆ. ಕ್ಯಾಷಿಯರನಿಗೆ ಅರ್ಥವಾಗುವ ವಿಚಾರ. ಕೌಂಟರಿನಲ್ಲಿ ಕೂತವನು ಗಡಿಬಿಡಿ ಮಾಡದಿದ್ದರೆ ಸಾಲೂ ಗಡಿಬಿಡಿ ಮಾಡುವುದಿಲ್ಲ. ಕೊನೆಗೆ ಅವನು ಇನ್ನೊಂದು ತಿದ್ದುಪಡಿಯನ್ನೂ ಮಾಡಿದ: ನಾನು ಮಾಡುತ್ತಿರುವುದು ಸಂಗೀತ ಚಿಕಿತ್ಸೆಯೇ ಅಲ್ಲ. ಅದಕ್ಕೆಂದೇ ಕಲಿತ ಚಿಕಿತ್ಸಕರು ಬಂದು, ರೋಗಿಯನ್ನು ಮಾತಾಡಿಸಿ, ಅವನ ಉಸಿರು ನೋಡಿ, ಅದಕ್ಕೆ ತಕ್ಕಂತೆ ನುಡಿಸುತ್ತ ನಿಧಾನಿಸಿದರೆ ಅದು ಚಿಕಿತ್ಸೆ. ಇಯರ್‌ಫೋನ್ ಹಾಕಿಕೊಂಡದ್ದು ಸಂಗೀತ ಕೇಳಿದ್ದು, ಅಷ್ಟೇ. ಆಗಲಿ. ತೋಟಗಾರಿಕೆ ಇಲಾಖೆಯವರು ಬರುವವರೆಗೆ ನಾವು ಅಡಿಕೆ ಮರಕ್ಕೆ ನೀರು ಹಾಕದೆ ಇರುತ್ತೇವೆಯೇ?

ಆ ಸಂಜೆ ಉತ್ಸಾಹ ಹೆಚ್ಚಾಗಿ ತಾಳಮದ್ದಲೆಯ ತುಣುಕೊಂದನ್ನು ಹಾಕಿಕೊಂಡೆ. ನನ್ನ ಪ್ರೀತಿಯದು, ಹಾಗಾಗಿ ಹೆಚ್ಚು ಗುಣ ಕಾಣಬೇಕು ಎಂಬ ಲೆಕ್ಕ. ಸಂಧಾನದ ಪ್ರಸಂಗ. ಕೌರವನ ಅರ್ಥಧಾರಿ ಹಾಕಿದ ಒಂದು ಕೊಂಕು ಪ್ರಶ್ನೆಗೆ ಕೃಷ್ಣ ಕೊಟ್ಟ ಉತ್ತರ ಕೇಳಿ ನಗು ಬಂತು. ಪಕ್ಕೆಯ ಕೆಳಗೆ ಹೊಲಿಗೆ ಇರುವವನಿಗೆ ಕೆಮ್ಮು ವೈರಿ, ಸೀನು ಮಹಾವೈರಿ, ನಗು ಇವೆರಡಕ್ಕೂ ಮೇಲು. ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಕಣ್ಣಲ್ಲಿ ನೀರು ಸುರಿಸುತ್ತ ನಗುತ್ತಿದ್ದವನನ್ನು ನೋಡಿ ಪಕ್ಕದ ಹಾಸಿಗೆಯ ಗದಗಿನ ಅಜ್ಜ ನರ್ಸನ್ನು ಕೂಗಿದರು. ಸಂಜೆ 6.25, ನಾಲ್ಕು. ಇಪ್ಪತ್ತು ನಿಮಿಷದ ಮೇಲೆ ಒಂಬತ್ತು. ನನ್ನ ಖಾತೆಯ ಅತಿ ದೊಡ್ಡ ಅಂಕಿ ಅದು. ಮನೆಗೆ ಬರುವವರೆಗೆ ಯಕ್ಷಗಾನದ ಕಡೆ ತಲೆ ಹಾಕಲಿಲ್ಲ.

ತಪ್ಪು ಮಾಡಿದ್ದು ನಾಲ್ಕನೆಯ ದಿನ. ಟ್ರಮಡಾಲ್ ಎಂಬ ನೋವಿನ ಮದ್ದು ಚುಚ್ಚಿದಾಗೆಲ್ಲ ವಾಕರಿಕೆ ಬರುತ್ತಿತ್ತು. ಅಭೋಗಿ ಇರುವಾಗ ಚುಚ್ಚುಮದ್ದು ಏಕೆ ಎಂದು ನರ್ಸ್ ಬಂದಾಗಲೆಲ್ಲ ಇಲ್ಲದ "ಮೂರು" ಹೇಳತೊಡಗಿದೆ. ನನ್ನ ಪುಸ್ತಕದಲ್ಲಿ ಐದು, ಅವಳ ಪುಸ್ತಕದಲ್ಲಿ ಮೂರು. ಎರಡು ಪುಸ್ತಕ ಇಟ್ಟವರನ್ನು ನಾನು ನನ್ನ ಕಾಲದಲ್ಲಿ ಹಿಡಿದುಕೊಟ್ಟವನು. ರಾತ್ರಿಯ ಹೊತ್ತಿಗೆ ಆರು. ಅಭೋಗಿ ಹಾಕಿದೆ, ಆರು. ಮತ್ತೆ ಹಾಕಿದೆ, ಏಳು. ಹಾಡಿನ ಒಳಗೆ ಹೋಗಲಿಕ್ಕೇ ಆಗಲಿಲ್ಲ; ದನಿ ಆ ಕಡೆ, ನೋವು ಈ ಕಡೆ, ಬೇರೆಬೇರೆಯಾಗಿ ನಡೆಯುತ್ತಿದ್ದವು. ನೋವಿನ ಜಾತಿಯೂ ಬೇರೆಯಾಗಿತ್ತು, ಎಳೆಯುವ ನೋವು ಹೋಗಿ ನಾಡಿ ಬಡಿದಂತೆ ಮಿಡಿಯುವ ನೋವು. ಮೈ ಕಾವೇರಿತ್ತು. ಆಗ ನಿಜ ಹೇಳಿದೆ. ನರ್ಸ್ ಹುಡುಗಿ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ನೋವು ಮೇಲೆ ಹತ್ತಿದ ಮೇಲೆ ಇಳಿಸುವುದು ಕಷ್ಟ ಕಾಕಾ, ಹತ್ತುವ ಮೊದಲೇ ಹಿಡಿಯಬೇಕು" ಎಂದು ಡಾಕ್ಟರನ್ನು ಕರೆದಳು.

ಹೊಲಿಗೆಯ ಒಂದು ಮೂಲೆಯಲ್ಲಿ ಕೀವು ಕೂತಿತ್ತು. ಎರಡು ಹೊಲಿಗೆ ಬಿಚ್ಚಿ ಒತ್ತಿ ತೆಗೆದರು. ಮುಂಚೆ ಹೇಳಿದ್ದರೆ ಮುಂಚೆ ನೋಡುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಒತ್ತುವ ಮುಂಚೆ ಡಾಕ್ಟರು "ಹಾಡು ಬೇಕಾದರೆ ಹಾಕಿಕೊಳ್ಳಿ" ಎಂದರು. ಎಡಗಿವಿಗೆ ಒಂದೇ ಎಳೆ ಸಿಕ್ಕಿಸಿಕೊಂಡೆ. ಬಲಗಿವಿಯನ್ನು ಡಾಕ್ಟರಿಗೆ ಬಿಟ್ಟೆ, ಅವರು "ಇನ್ನು ಸ್ವಲ್ಪ" ಎನ್ನುವುದು ಕೇಳಿಸಬೇಕಲ್ಲ. ಅದಾದ ಮೇಲೆ ದಿನವೂ ಡ್ರೆಸ್ಸಿಂಗ್. ಗಾಯದ ಒಳಗೆ ತುರುಕಿದ ಗಾಜ್ ಬಟ್ಟೆಯನ್ನು ಎಳೆದು ತೆಗೆಯುವಾಗ ಅದು ಮುಗಿಯುವುದೇ ಇಲ್ಲವೇನೋ ಎನಿಸುತ್ತದೆ. ಜಾದೂಗಾರ ಬಾಯಿಂದ ರಿಬ್ಬನ್ ಎಳೆದಂತೆ. ಡ್ರೆಸ್ಸಿಂಗ್ ಟ್ರಾಲಿ ಮೂರು ಹಾಸಿಗೆ ಆಚೆ ಇರುವಾಗಲೇ ಅಭೋಗಿ ಶುರು ಮಾಡುವುದನ್ನು ಕಲಿತೆ. ಟ್ರಾಲಿ ಬಂದ ಮೇಲೆ ಹಾಕಿದರೆ ಎಂಟು, ಮೊದಲೇ ಹಾಕಿದರೆ ಆರು. ಆ ಸಾಲುಗಳಲ್ಲೆಲ್ಲ ಔಷಧದ ವೇಳೆಯೂ ಒಂದೇ, ಡ್ರೆಸ್ಸಿಂಗಿನ ವೇಳೆಯೂ ಒಂದೇ. ಅಳಿಯ ಇದನ್ನು ಮಾತ್ರ ಪರವಾಗಿಲ್ಲ ಎಂದು ಒಪ್ಪಿಕೊಂಡ. ಗಾಯ ದಿನದಿಂದ ದಿನಕ್ಕೆ ಮಾಯುತ್ತಲೂ ಇತ್ತಲ್ಲ ಎಂದು ಬಾಲ ಸೇರಿಸಿದ.

ಅಭೋಗಿ ಆದದ್ದು, ಅಠಾಣ ಆಗದೆ ಇದ್ದದ್ದು, ಕೊಳಲು ಕೈಕೊಟ್ಟದ್ದು ಏಕೆ ಎಂದು ಮಲಗಿದಲ್ಲೇ ಎಷ್ಟೋ ಕೂಡಿ ಕಳೆದೆ. ನನಗೆ ತೋರಿದ್ದು ಇಷ್ಟು. ಆಸ್ಪತ್ರೆಯಲ್ಲಿ ರೋಗಿಯ ಕೈಯಲ್ಲಿ ಏನೂ ಇರುವುದಿಲ್ಲ. ಡ್ರಿಪ್ಪಿನ ವೇಗ ಅವರದು, ದೀಪದ ಸ್ವಿಚ್ಚು ಅವರದು, ಪರದೆ ಎಳೆಯುವುದು ಅವರು, ಉಟ್ಟ ಗೌನಿನ ಗಂಟು ಬೆನ್ನ ಹಿಂದೆ, ಅದೂ ನಮಗೆ ಎಟುಕದು. ನಾದಿನಿಯ ರಾಗವನ್ನು, ಹೆಂಡತಿಯ ಹೊಳೆಯನ್ನು ನನ್ನ ಕಿವಿಗೆ ಬೇರೆಯವರು ತುಂಬಿದ್ದರು, ಥೇಟ್ ಔಷಧದಂತೆ. ಅಭೋಗಿಯನ್ನು ಕೊಟ್ಟವನು ಬೇರೆಯವನಾದರೂ ಯಾವಾಗ ಹಾಕಬೇಕು, ಎಷ್ಟು ಜೋರು, ಎಲ್ಲಿ ನಿಲ್ಲಿಸಬೇಕು ಎಂಬುದು ನನ್ನ ಹೆಬ್ಬೆರಳಿನಲ್ಲಿತ್ತು.

ಇದನ್ನು ಅಳಿಯನಿಗೆ ಹೇಳಿದಾಗ ಅವನು ಒಂದು ಹಳೆಯ ಸಂಗತಿ ತೆಗೆದ. ಅಮೆರಿಕದಲ್ಲಿ ವಾಲೇಸ್ ಗಾರ್ಡ್ನರ್ ಎಂಬ ದಂತವೈದ್ಯ ರೋಗಿಗಳ ಕಿವಿಗೆ ಹೆಡ್‌ಫೋನ್ ಹಾಕಿ ಹಲ್ಲು ಕೊರೆಯುತ್ತಿದ್ದನಂತೆ. ಸಂಗೀತ ನಡೆಯುತ್ತಿರುತ್ತದೆ, ನೋವು ಬರುತ್ತದೆ ಎನಿಸಿದಾಗ ರೋಗಿ ತನ್ನ ಕೈಯಲ್ಲಿರುವ ಗುಂಡಿ ತಿರುಗಿಸಿದರೆ ಜಲಪಾತದಂಥ ಮೊರೆತ ಕಿವಿ ತುಂಬುತ್ತದೆ. ಲಿಕ್‌ಲೈಡರ್ ಎಂಬ ವಿಜ್ಞಾನಿಯ ಜೊತೆ ಸೇರಿ 1960ರಲ್ಲಿ ಅದನ್ನು ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಮುಂದೆ ಇಂಟರ್ನೆಟ್ಟಿನ ಕನಸು ಕಂಡವರಲ್ಲಿ ಒಬ್ಬನೆಂದು ಹೆಸರಾದ ಲಿಕ್‌ಲೈಡರ್ ಅವನೇ. ಆ ಪೆಟ್ಟಿಗೆ ಬಹಳ ಕಾಲ ಬಾಳಲಿಲ್ಲ. ಆದರೂ ಗುಂಡಿಯನ್ನು ವೈದ್ಯನ ಕೈಯಲ್ಲಿ ಇಡದೆ ಬಾಯಿ ತೆರೆದು ಮಲಗಿದವನ ಕೈಗೆ ಕೊಟ್ಟ ಆ ದಂತವೈದ್ಯ ನನಗೆ ಬಹಳ ಹಿಡಿಸಿದ.

ಹನ್ನೊಂದನೆಯ ದಿನ ಮನೆಗೆ ಕಳಿಸಿದರು. ಮುಂಡಗೋಡದ ದಾರಿಯ ಪ್ರತಿ ಹೊಂಡವನ್ನೂ ಬರೆದಿಟ್ಟಿದ್ದೇನೆ, ಇಲ್ಲಿ ಬೇಡ. ಹೊರಡುವ ದಿನ ಮೂರನೆಯ ಚೆಂಡು ಅರ್ಧಕ್ಕೆ ಏರಿತ್ತು.

ಒಂದು ನಷ್ಟವನ್ನೂ ಬರೆಯಬೇಕು. ಸಂಕ್ರಾಂತಿ ಕಳೆದ ಮೇಲೆ ಒಂದು ರಾತ್ರಿ, ಅಂಗಳದಲ್ಲಿ ಸುಲಿದ ಅಡಿಕೆ ಹರಡಿತ್ತು, ಹೊಟ್ಟೆ ಸುಖವಾಗಿತ್ತು, ಈಗ ನೆಮ್ಮದಿಯಲ್ಲಿ ಕೇಳೋಣ ಎಂದು ಅಭೋಗಿ ಹಾಕಿದೆ. ಮೊದಲ ಸ್ವರಕ್ಕೇ ಮೂಗಿಗೆ ಸ್ಪಿರಿಟ್ ವಾಸನೆ ಬಂತು, ಬಲಪಕ್ಕೆ ತಾನಾಗಿ ಮುದುಡಿತು. ಎರಡು ನಿಮಿಷ ತಡೆದು ನಿಲ್ಲಿಸಿದೆ. ವಾರ್ಡಿನ ಹುಡುಗನಿಗೆ ಹೀಗಾಯಿತು ಎಂದು ಬರೆದು ಕಳಿಸಿದ್ದಕ್ಕೆ, ಬೆಳಗ್ಗೆ ಕೇಳಿದ್ದರ ಫಲ ಎಂದು ಉತ್ತರ ಬಂತು. ಜೊತೆಗೆ ಮಲ್ಲಿಕಾರ್ಜುನ ಮನ್ಸೂರರ ಒಂದು ರೆಕಾರ್ಡಿಂಗ್. ಅದನ್ನು ಇನ್ನೂ ತೆರೆದಿಲ್ಲ, ಎಡಗಣ್ಣಿನ ಪೊರೆ ತೆಗೆಸಬೇಕು ಎಂದಿದ್ದಾರೆ.

ಅಳಿಯ ನೋಟ್‌ಬುಕ್ ಕಳಿಸಿ ಎಂದು ಕೇಳುತ್ತಿದ್ದಾನೆ. ಮುಂದಿನಿಂದ ಹಾಲಿನ ಲೆಕ್ಕ, ಹಿಂದಿನಿಂದ ನೋವಿನ ಲೆಕ್ಕ. ನಡುವೆ ಇನ್ನು ನಾಲ್ಕು ಪುಟ ಉಳಿದಿದೆ, ತಿಂಗಳು ಮುಗಿಯುವವರೆಗೆ ಕೊಡುವುದಿಲ್ಲ ಎನ್ನುತ್ತಾಳೆ ಹೆಂಡತಿ.